ನವಿಲುತೀರ್ಥದ ಕೊಳ್ಳದಾಗ ಎಂಟಿಬಿ (ಗುಡ್ಡದ ಸೈಕಲ್): ಯಾವ ಟಾಯರು, ಯಾವ ಬ್ರೇಕು, ಯಾವ ತಿಂಗಳು?

ಕೆಲಗೇರಿ ಗಾಲಿ (ಧಾರವಾಡ)
ನಮಸ್ಕಾರ್ರಿ ಎಲ್ಲಾರಿಗೂ. ನವೆಂಬರ್ ಮೂರನೇ ವಾರ ನಾಕು ಮಂದಿ ಸವದತ್ತಿ ಬಾಜೂ ಎರಡು ದಿವಸ ಸೈಕಲ್ ತುಳಿಯೋ ವಿಚಾರ ಅದ. ಮಲಪ್ರಭಾ ಹೊಳಿ ಗುಡ್ಡ ಸೀಳಿಕೊಂಡು ಹಾಯೋ ನವಿಲುತೀರ್ಥದ ಸುತ್ತಿನ ದನದ ದಾರಿ, ಅಲ್ಲಿಂದ ಮುನವಳ್ಳಿ ತನಕ ಹೊಳಿ ದಂಡಿ, ಮರುದಿನ ಯಲ್ಲಮ್ಮನ ಗುಡ್ಡದ ಕಲ್ಲಿನ ಇಳಕಲು. ಡಾಂಬರ್ ಎಷ್ಟು ಕಮ್ಮಿ ಇದ್ರ ಅಷ್ಟು ಛಲೋ.

ನಾಲ್ಕೂ ಹಾರ್ಡ್‌ಟೇಲ್, ಅಂದ್ರ ಹಿಂದ ಸ್ಪ್ರಿಂಗ್ ಇಲ್ಲದವು. 29 ಇಂಚಿನ ಗಾಲಿ, 2.25 ಇಂಚಿನ ಟಾಯರು, ಒಳಗ ಟ್ಯೂಬು. ಮುಂದ 120 ಮಿ.ಮೀ. ಏರ್ ಫೋರ್ಕ್. ಶಿಮಾನೋ ಹೈಡ್ರಾಲಿಕ್ ಬ್ರೇಕು, ಎರಡೂ ಕಡೆ 160 ಮಿ.ಮೀ. ರೋಟರ್ (ಬ್ರೇಕಿನ ತಗಡು). ಮುಂದ 32 ಹಲ್ಲು, ಹಿಂದ 11-46. ಟ್ಯೂಬ್‌ಲೆಸ್ ಮಾಡಿಸಲೇಬೇಕೇನು? 160 ರೋಟರ್ ಸಾಕಾಗ್ತದೇನು? ಹೊಳಿ ಪಾತ್ರದಾಗ ಇಳಿದು ಮರಳಿನ ಮ್ಯಾಲೆ ಹೋಗಲಿಕ್ಕೆ ಬರ್ತದೇನು? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಬಳ್ಳಾರಿ ಜಾಲಿ (ಗದಗ)
ಟ್ಯೂಬ್ ಹಾಕ್ಕೊಂಡು ಹೋಗಬ್ಯಾಡ್ರಿ. ಹೊಳಿ ದಂಡಿ ತುಂಬ ಜಾಲಿ ಕಂಟಿ. ಇಷ್ಟ ಹೇಳೋದು.

ಎರಿ ಮಣ್ಣು (ನವಲಗುಂದ)
ಟಾಯರು, ಬ್ರೇಕು ಆಮ್ಯಾಲೆ ನೋಡೋಣು, ಮೊದಲು ಮಣ್ಣಿನ ಮಾತು ಆಡೋಣ್ರಿ. ಗುಡ್ಡದ ಮ್ಯಾಲೆ ಕಲ್ಲು, ಗರಸು ಐತಿ, ಮಳಿ ನಿಂತು ಎರಡು ತಾಸಿಗೆ ನೀರು ಬಸೀತೈತಿ. ಗುಡ್ಡ ಇಳಿದು ಮುನವಳ್ಳಿ ಕಡೆ ಹೊಳ್ಳಿದ ಕೂಡ್ಲೆ ಎರಿ ಹೊಲ. ಒಂದ ಸವಾರಿಯೊಳಗ ಎರಡು ಬ್ಯಾರೆ ಬ್ಯಾರೆ ನೆಲ ಅಂತ ತಿಳೀರಿ.

ಎರಿ ಹಸಿ ಇದ್ದಾಗ ಏನಾಕ್ಕೈತಿ ಅಂದ್ರ, ಮೊದಲನೇ ಹತ್ತು ಮೀಟರ್‌ದಾಗ ಟಾಯರಿನ ಗುಬಟಿ ಮುಚ್ಚಿ ಗಾಲಿ ನುಣ್ಣಗಾಕ್ಕೈತಿ. ಇಪ್ಪತ್ತನೇ ಮೀಟರಿಗೆ ಫೋರ್ಕಿನ ಕಮಾನು ಮತ್ತ ಟಾಯರಿನ ನಡುವ ಮಣ್ಣು ಹೊಲದಾಗಿನ ಹುಲ್ಲು, ತೊಗರಿ ಕಟಗಿ ಎಲ್ಲಾ ಸೇರಿಸಿಕೊಂಡು ಹೆಂಟಿ ಕಟ್ಟತೈತಿ. ಹಿಂದ ಚೈನ್‌ಸ್ಟೇ (ಗಾಲಿಯ ಎರಡೂ ಬಾಜೂ ಇರೋ ಫ್ರೇಮಿನ ಕೊಳವಿ) ನಡುವನೂ ಹಂಗ. ಗಾಲಿ ತಿರಗೂದು ನಿಂತ ಮ್ಯಾಲೂ ಜೋರ ಹಾಕಿ ಪೆಡಲ್ ಒತ್ತಿದ್ರ ಚೈನು ಗೇರ್ ಬದಲಿಸೋ ಡಿರೇಲರ್‌ನ್ನ ಹಿಂದಕ್ಕ ಜಗ್ಗಿ ಕಡ್ಡಿಯೊಳಗ ಕೂಡಸ್ತೈತಿ. ಡಿರೇಲರ್ ತೂಗಹಾಕೋ ಹ್ಯಾಂಗರ್ ಮುರೀತು, ಎರಡು ಕಡ್ಡಿ ಹೋದ್ವು, ಸವಾರಿ ಅಲ್ಲಿಗೆ ಮುಗೀತು. ಗಾಲಿ ಬಿಗಿ ಅನ್ನಿಸಿದ ಕ್ಷಣ ಇಳೀರಿ. ನೀರು ಸುರದ್ರ ಇನ್ನೂ ಅಂಟತೈತಿ, ಚಪ್ಪಟಿ ಕಟಗಿಯಿಂದ ಕೆರೀರಿ, ಸೈಕಲ್ ಹೆಗಲಿಗೆ ಹಾಕ್ಕೊಂಡು ಗರಸಿನ ದಾರಿಗೆ ಬರ್ರಿ.

ಜೋರ ಮಳಿ ಆದ್ರ ಮೂರು ನಾಕು ದಿವಸ ಛಲೋ ಬಿಸಿಲು ಬೀಳಬೇಕು. ಮ್ಯಾಲೆ ಒಣಗಿ ಬಿಳಚಿದಂಗ ಕಂಡ್ರೂ ನಂಬಬ್ಯಾಡ್ರಿ. ಹಿಮ್ಮಡದಿಂದ ಒತ್ತಿ ನೋಡ್ರಿ, ಬೂಟಿನ ಅಂಚಿಗೆ ಮಣ್ಣು ಹತ್ತಿ ಮ್ಯಾಲೆ ಬಂದ್ರ ಆ ದಾರಿ ಅವತ್ತಿಗಿಲ್ಲ.

ಕೆಲಗೇರಿ ಗಾಲಿ (ಧಾರವಾಡ)
ಹಂಗಾದ್ರ ನವೆಂಬರ್ ಸರಿ ಅಲ್ಲೇನ್ರಿ? ಬ್ಯಾಸಗಿಯೊಳಗ ಎರಿ ಒಣಗಿ ಕಲ್ಲಾಗಿರ್ತದಲ್ಲ.

ಎರಿ ಮಣ್ಣು (ನವಲಗುಂದ)
ಏಪ್ರಿಲ್‌ದಾಗ ಎರಿ ಬಾಯಿ ಬಿಡತೈತ್ರಿ. ಬಿರುಕು ದಾರಿ ಉದ್ದಕ್ಕ ಓಡಿದ್ರ ಮುಂದಿನ ಗಾಲಿ ಅದರಾಗ ಸಿಕ್ಕು ಹ್ಯಾಂಡಲ್ ಮ್ಯಾಲಿಂದ ಹಾರಿ ಬೀಳಬೇಕಾಕ್ಕೈತಿ. ನವೆಂಬರ್ ಕಡೀ ವಾರದಿಂದ ಫೆಬ್ರುವರಿ ನಡುವಿನ ತನಕ ಅತ್ಯುತ್ತಮ. ಸ್ವಾತಿ ಮಳಿ ಒಮ್ಮೊಮ್ಮೆ ನವೆಂಬರ್ ಮೊದಲನೇ ವಾರಕ್ಕ ಚಾಚತೈತಿ, ಅದಕ್ಕ ಒಂದು ವಾರ ಮುಂದಕ್ಕ ಹಾಕ್ರಿ ಅಂತೀನಿ.

ಉಣಕಲ್ ಇಳಕಲು (ಹುಬ್ಬಳ್ಳಿ)
ನೇರವಾಗಿ ಹೇಳ್ತೀನಿ. ಸವದತ್ತಿ ಗುಡ್ಡದ ಕಲ್ಲು ಹಾರ್ಡ್‌ಟೇಲಿಗೆ ಅಲ್ಲ. ಹಿಂದಿನ ಗಾಲಿ ಪ್ರತಿ ಕಲ್ಲಿಗೂ ಒದೀತದ, ರಿಮ್ ಹೋಗ್ತದ. 130, 140 ಮಿ.ಮೀ. ಫುಲ್ ಸಸ್ಪೆನ್ಷನ್ ಬಾಡಿಗಿ ತಗೊಂಡು ಹೋಗ್ರಿ.

ಪಾನಾ ಹತ್ತು (ಹಳೇ ಹುಬ್ಬಳ್ಳಿ)
ಅಲ್ರೀ, ಫುಲ್ ಸಸ್ಪೆನ್ಷನ್ ಬೇಕಂತ ಯಾಕ ಹೆದರಸ್ತೀರಿ? ಅಲ್ಲಿ ಹತ್ತು ಅಡಿ ಜಿಗಿಯೋ ದಾರಿ ಇಲ್ಲ. ದನ, ಕುರಿ, ಕಟಗಿ ತರೋ ಮಂದಿ ಮಾಡಿದ ಕಾಲುದಾರಿ. ಹಾರ್ಡ್‌ಟೇಲ್ ಸಾಕು, ಗಾಲಿ ಮಾತ್ರ ಸರಿ ಕಟ್ಟಿರಬೇಕು. ರಿಮ್ ಹೊಡೆತ ತಿನ್ನೋದು ಹಿಂದ ಸ್ಪ್ರಿಂಗ್ ಇಲ್ಲ ಅಂತ ಅಲ್ಲ, ಹವಾ ತಪ್ಪಿದ್ದಕ್ಕ.

ಟ್ಯೂಬ್‌ಲೆಸ್ ಬಗ್ಗೆ ಪೂರಾ ಬರೀತೀನಿ.

ಮೊದಲು ರಿಮ್ ಟ್ಯೂಬ್‌ಲೆಸ್ ರೆಡಿ ಹೌದೋ ಅಲ್ಲೋ ನೋಡ್ರಿ. ಒಳಗಿನ ಅಗಲ ಅಳೀರಿ, 25 ಮಿ.ಮೀ. ಇದ್ರ ಟೇಪು 27 ಅಥವಾ 28 ಬೇಕು, ಅಂದ್ರ ಎರಡೂ ದಂಡಿಗೆ ಒಂದೊಂದು ಮಿ.ಮೀ. ಏರಬೇಕು. ಹಳೇ ರಬ್ಬರ್ ಪಟ್ಟಿ ತೆಗೆದು ಸ್ಪಿರಿಟ್‌ನಿಂದ ರಿಮ್ ಒರೆಸಿ, ವಾಲ್ವಿನ ಎದುರಿನ ಬಾಜೂದಿಂದ ಶುರು ಮಾಡಿ, ಜಗ್ಗಿ ಹಿಡಿದು ಎರಡು ಸುತ್ತು. ಸೀಲಂಟ್ (ತೂತು ಮುಚ್ಚೋ ಹಾಲಿನಂಥಾ ದ್ರವ) ಸೋರೋದರಾಗ ಬಹಳಷ್ಟು ಇಲ್ಲೇ ಆಗ್ತಾವು, ಟೇಪಿನ ಕೆಳಗ ಗುಳ್ಳಿ ಉಳದ್ರ ಹವಾ ಕಡ್ಡಿ ತೂತಿನಿಂದ ಹೊರಗ ಬರ್ತೈತಿ.

29ರ 2.25ಕ್ಕ ಗಾಲಿಗೊಂದರಂತೆ 100 ಮಿ.ಲೀ. ಸೀಲಂಟ್ ಹಾಕ್ರಿ, ಮುಳ್ಳಿನ ನಾಡಿಗೆ 120 ಹಾಕಿದ್ರೂ ತಪ್ಪಿಲ್ಲ. ಟಾಯರು ಕೂಡೂವಾಗ ಟಪ್ ಟಪ್ ಅಂತ ಎರಡು ಸಪ್ಪಳ ಬರಬೇಕು. ಬರಲಿಲ್ಲ ಅಂದ್ರ ಅಂಚಿಗೆ ಸೋಪಿನ ನೀರು ಹಚ್ಚಿ, ವಾಲ್ವ್ ಕೋರ್ ತೆಗೆದು ಹವಾ ಹೊಡೀರಿ. ಆಮ್ಯಾಲೆ ಗಾಲಿ ಎರಡೂ ಮಗ್ಗಲಿಗೆ ಹತ್ತತ್ತು ನಿಮಿಷ ಅಡ್ಡ ಮಲಗಸ್ರಿ. ಇದನ್ನ ಹೊಂಡೂ ಹಿಂದಿನ ರಾತ್ರಿ ಮಾಡಬ್ಯಾಡ್ರಿ. ಕನಿಷ್ಠ ಒಂದು ವಾರ ಮೊದಲ ಮಾಡಿ ನೃಪತುಂಗ ಬೆಟ್ಟದ ಸುತ್ತ ಎರಡು ಸಲ ತುಳೀರಿ. ರಾತ್ರಿ ಕಳೆದು ಬೆಳಿಗ್ಗೆ 5 ಪಿಎಸ್ಐಗಿಂತ ಹೆಚ್ಚು ಇಳದಿದ್ರ ಟೇಪು ಮತ್ತ ನೋಡ್ರಿ.

ಹವಾ: ಸವಾರ 70 ಕೆ.ಜಿ. ಇದ್ರ ಟ್ಯೂಬ್‌ಲೆಸ್‌ದಾಗ ಮುಂದ 22, ಹಿಂದ 25 ಪಿಎಸ್ಐ. 80 ದಾಟಿದ್ರ ಎರಡೆರಡು ಏರಸ್ರಿ. ಟ್ಯೂಬಿನ ಮ್ಯಾಲೇ ಹೋಗೋ ಹಟ ಇದ್ರ 28, 32. ನೆಲಕ್ಕ ಇಟ್ಟು ಹೊಡೆಯೋ ಪಂಪಿನ ಮುಳ್ಳು 30ರ ಕೆಳಗ ಸರಿ ತೋರಸಂಗಿಲ್ಲ, ಸಣ್ಣ ಡಿಜಿಟಲ್ ಗೇಜ್ ಇಟ್ಕೊಳ್ರಿ.

ಕಲ್ಲಿನ ಗುರುತು (ಗದಗ)
ಪಾನಾ ಅಣ್ಣಾರು ಹೇಳಿದ ಹವಾಕ್ಕೆ ಒಂದು ತಿದ್ದುಪಡಿ. ಆ ಗುಡ್ಡದಲ್ಲಿ ಹಿಂದಿನ ಗಾಲಿಗೆ 2 ಪಿಎಸ್ಐ ಹೆಚ್ಚು ಇರಲಿ. ಕಾರಣ ಕಲ್ಲು.

ಬಹಳ ಜನ ನವಿಲುತೀರ್ಥದ್ದು ಬಾದಾಮಿಯ ಹಾಗೆ ಮೆತ್ತನೆಯ ಮರಳುಗಲ್ಲು ಅಂದುಕೊಂಡಿದ್ದಾರೆ. ಅದು ಕ್ವಾರ್ಟ್‌ಜೈಟ್. ಕಲಾದಗಿ ಶಿಲಾಸಮೂಹದಲ್ಲಿ ಅದಕ್ಕೆ ಸವದತ್ತಿ ಕ್ವಾರ್ಟ್‌ಜೈಟ್ ಎಂದೇ ಹೆಸರಿದೆ. ಬಾದಾಮಿಯ ಕೆಂಪು ಮರಳುಗಲ್ಲು ಅದಕ್ಕಿಂತ ಹೊಸದು, ಮಳೆಗಾಳಿಗೆ ಸವೆದು ದುಂಡಗಾಗುತ್ತದೆ. ಕ್ವಾರ್ಟ್‌ಜೈಟ್‌ನಲ್ಲಿ ಮರಳಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅದು ಸವೆಯುವುದು ಕಡಿಮೆ, ಸೀಳು ಹಿಡಿದು ಒಡೆಯುವುದೇ ಹೆಚ್ಚು. ಒಡೆದ ತುಂಡು ಚೌಕಾಕಾರ, ಅಂಚು ಚಾಕುವಿನ ಹಾಗೆ. ಹೊಳೆ ಅಷ್ಟು ಇಕ್ಕಟ್ಟಾದ ಕೊಳ್ಳ ಕೊರೆದದ್ದೂ, ಅಣೆಕಟ್ಟಿಗೆ ಅದೇ ಜಾಗ ಒಗ್ಗಿದ್ದೂ ಈ ಗಟ್ಟಿತನದಿಂದ.

ಸವಾರಿಗೆ ಇದರಿಂದ ಮೂರು ಪರಿಣಾಮ. ಟಾಯರಿನ ನಡುಭಾಗಕ್ಕಿಂತ ಪಕ್ಕದ ಗೋಡೆಗೆ ಅಪಾಯ ಹೆಚ್ಚು, ಆದ್ದರಿಂದ ತೆಳು ಗೋಡೆಯ ರೇಸಿಂಗ್ ಟಾಯರು ಬೇಡ. ಒಣಗಿದ ಹಾಸುಗಲ್ಲು ಹಿಡಿಯುತ್ತದೆ, ಆದರೆ ಅದರ ಮೇಲೆ ಚೆಲ್ಲಿದ ಬಿಡಿ ಹರಳು ಛರ್ರಾದಂತೆ, ಅಂದರೆ ಬೇರಿಂಗಿನ ಗುಂಡಿನಂತೆ, ಉರುಳುತ್ತದೆ. ಮೂರನೆಯದು, ನೀರು ಜಿನುಗುವ ಕಡೆ ಕಪ್ಪು ಪಾಚಿ ಕಟ್ಟಿರುತ್ತದೆ. ಒಣಗಿದಾಗ ಅದು ಬರೀ ಕಲೆಯಂತೆ ಕಾಣುತ್ತದೆ, ಬೆಳಗಿನ ಇಬ್ಬನಿ ಬಿದ್ದರೆ ಸಾಬೂನು.

ಉಣಕಲ್ ಇಳಕಲು (ಹುಬ್ಬಳ್ಳಿ)
ಅಮೆರಿಕದ ಮೋಆಬ್‌ನಾಗ ಕೊಲರಾಡೋ ನದಿ ಕೊಳ್ಳದ ಮ್ಯಾಲೆ ಇಂಥದೇ ಹಾಸುಗಲ್ಲಿನ ಮ್ಯಾಲೆ ಗೋಡಿ ಏರಿದಂಗ ಏರ್ತಾರಲ್ಲ. ಕಲ್ಲು ಹಿಡಿದ್ರ ಹವಾ ಇನ್ನೂ ಇಳಿಸಬಹುದು.

ಕಲ್ಲಿನ ಗುರುತು (ಗದಗ)
ಅಲ್ಲಿಯದು ನವಾಹೋ ಮರಳುಗಲ್ಲು ಸರ್. ಗಾಳಿ ಕೂಡಿಹಾಕಿದ ಮರಳದಿನ್ನೆ ಕಲ್ಲಾದದ್ದು, ಮೇಲ್ಮೈ ಉಪ್ಪುಕಾಗದದ ಹಾಗೆ ಒರಟು. ಅದಕ್ಕೆ ಸ್ಲಿಕ್‌ರಾಕ್ ಎಂಬ ಹೆಸರು ಬಂದದ್ದು ಕುದುರೆಯ ಕಬ್ಬಿಣದ ಲಾಳ ಜಾರುತ್ತಿತ್ತು ಅಂತ, ರಬ್ಬರ್ ಟಾಯರು ಅಲ್ಲಿ ಕಚ್ಚಿ ಹಿಡಿಯುತ್ತದೆ. ಅಲ್ಲಿನ ಸ್ಲಿಕ್‌ರಾಕ್ ದಾರಿ ಮೊದಲು ಗುರುತಾದದ್ದೂ 1969ರಲ್ಲಿ, ಮೋಟರ್‌ಸೈಕಲ್‌ಗಾಗಿ. ಆ ವಿಡಿಯೋ ನೋಡಿ ಇಲ್ಲಿ 18 ಪಿಎಸ್ಐ ಇಟ್ಟರೆ ಮೊದಲನೇ ಚೌಕ ಕಲ್ಲಿಗೇ ರಿಮ್ ಬಡಿಯುತ್ತದೆ.

ಬಳ್ಳಾರಿ ಜಾಲಿ (ಗದಗ)
ಪಕ್ಕದ ಗ್ವಾಡಿ ಹರದ್ರ ಏನು ಮಾಡಬೇಕು ಅಂತನೂ ಹೇಳ್ರಿ. ಅಲ್ಲಿ ಪಂಕ್ಚರ್ ಅಂಗಡಿ ಇರಂಗಿಲ್ಲ.

ಪಾನಾ ಹತ್ತು (ಹಳೇ ಹುಬ್ಬಳ್ಳಿ)
ಸಣ್ಣ ತೂತಿಗೆ ಪ್ಲಗ್. ಸೂಜಿಗೆ ಬತ್ತಿ ಪೋಣಿಸಿ ಮುಕ್ಕಾಲು ಭಾಗ ಒಳಗ ತಳ್ರಿ, ಸ್ವಲ್ಪ ಹೊಳ್ಳಿಸಿ ಒಂದೇ ಜಗ್ಗಿಗೆ ಸೂಜಿ ಹೊರಗ ತಗೀರಿ. ಹೊರಗ ಅರ್ಧ ಸೆಂ.ಮೀ. ಬಾಲ ಉಳೀಬೇಕು, ಅದನ್ನ ಅಲ್ಲೇ ಕತ್ತರಸಬ್ಯಾಡ್ರಿ, ನಾಕು ಕಿ.ಮೀ. ತುಳದ ಮ್ಯಾಲೆ ತಾನ ಸವೀತೈತಿ. ತೂತನ್ನ ಕೆಳಗ ಮಾಡಿ ಒಂದು ನಿಮಿಷ ನಿಲ್ಲಸ್ರಿ, ಸೀಲಂಟ್ ಬಂದು ಕೂಡ್ರತೈತಿ.

ಗ್ವಾಡಿ 6 ಮಿ.ಮೀ.ಗಿಂತ ದೊಡ್ಡದಾಗಿ ಸೀಳಿದ್ರ ಪ್ಲಗ್ ನಿಲ್ಲಂಗಿಲ್ಲ. ಒಳಗಿಂದ ಬೂಟ್ (ಸೀಳಿಗೆ ಆನಿಸಿ ಇಡೋ ತುಂಡು) ಇಟ್ಟು ಟ್ಯೂಬ್ ಹಾಕಬೇಕು. ಬೂಟಿಗೆ ಟೂತ್‌ಪೇಸ್ಟ್ ಟ್ಯೂಬಿನ ತುಂಡು ಅಥವಾ ಹಳೇ ರೋಡ್ ಟಾಯರಿನ 5 ಸೆಂ.ಮೀ. ತುಂಡು ಛಲೋ. ಈಗ ಮುಖ್ಯ ಮಾತು: ತಿಂಗಳುಗಟ್ಟಲೆ ಟ್ಯೂಬ್‌ಲೆಸ್ ಓಡಿದ ಟಾಯರಿನ ಒಳಗ ಮುರಿದ ಮುಳ್ಳಿನ ತುದಿ ಹತ್ತಾರು ಇರ್ತಾವು. ಇಷ್ಟು ದಿವಸ ಸೀಲಂಟ್ ಅವನ್ನ ಮುಚ್ಚಿಟ್ಟಿರ್ತೈತಿ. ಅದರ ಮ್ಯಾಲೆ ಹೊಸ ಟ್ಯೂಬ್ ಹಾಕಿ ಹವಾ ಹೊಡದ್ರ ಐದು ನಿಮಿಷಕ್ಕ ಚಪ್ಪಟಿ. ಟಾಯರು ಪೂರಾ ಒಂದು ಬಾಜೂ ತೆಗೆದು ಒಳಗ ಅರಿವಿ ಆಡಸ್ರಿ. ಅರಿವಿ ಎಲ್ಲಿ ಸಿಕ್ಕತೈತಿ ಅಲ್ಲಿ ಮುಳ್ಳು. ಬರೀ ಬೆರಳು ಆಡಿಸಿದ್ರ ಬೆರಳಿಗೆ ಚುಚ್ಚತೈತಿ. ಸಣ್ಣ ಚಿಮಟಾ ಕಿಟ್‌ನಾಗ ಇರಲಿ.

ಏಲಕ್ಕಿ ಮಾಲಿ (ಹಾವೇರಿ)
ಟ್ಯೂಬ್‌ಲೆಸ್ ಆಗದ ರಿಮ್ ಇದ್ದವರಿಗೆ ಒಂದು ಮಾತು. ಟ್ಯೂಬಿನ ಒಳಗನೂ ಸೀಲಂಟ್ ಹಾಕಬಹುದು. ವಾಲ್ವ್ ಕೋರ್ ಬಿಚ್ಚೋ ನಮೂನೀದು ಇರಬೇಕು ಅಷ್ಟ. ಸಣ್ಣ ಮುಳ್ಳಿಗೆ ನಡೀತೈತಿ. ಕಲ್ಲಿಗೆ ಬಡಿದು ಹಾವು ಕಚ್ಚಿದಂಗ ಜೋಡಿ ತೂತು ಬಿದ್ರ ಅದು ಮುಚ್ಚಂಗಿಲ್ಲ, ಅದಕ್ಕ ಹವಾ ಜಾಸ್ತಿ ಬೇಕು. ಜಾಸ್ತಿ ಹವಾದಾಗ ಹರಳಿನ ಮ್ಯಾಲೆ ಹಿಡಿತ ಕಮ್ಮಿ. ಕಡೀಕ ಟ್ಯೂಬ್‌ಲೆಸ್ ಮಾಡಸೋದ ಮೇಲು.

ಬ್ಯಾಸಗಿಯೊಳಗ ಸೀಲಂಟ್ ಎರಡು ತಿಂಗಳಿಗ ಒಣಗತೈತಿ ಅನ್ನೋದು ನೆನಪಿಡ್ರಿ. ಗಾಲಿ ಅಲ್ಲಾಡಿಸಿದಾಗ ಚಳ್ ಚಳ್ ಸಪ್ಪಳ ಬರ್ಲಿಲ್ಲ ಅಂದ್ರ ವಾಲ್ವ್ ಕೆಳಗ ಮಾಡಿ, ಕೋರ್ ತೆಗೆದು ಕೇಬಲ್ ಟೈ ಇಳಬಿಡ್ರಿ. ತುದಿಗೆ ಹಾಲಿನಂಥಾದ್ದು ಹತ್ತಿದ್ರ ಸರಿ, ಒಣಾ ಬಂದ್ರ 60 ಮಿ.ಲೀ. ಹಾಕ್ರಿ.

ಕೆಲಗೇರಿ ಗಾಲಿ (ಧಾರವಾಡ)
ಅಕ್ಕಾರ, ಇದು ಗೊತ್ತಿರಲಿಲ್ಲ. ಟ್ಯೂಬ್‌ಲೆಸ್ ಪಕ್ಕಾ. ಈಗ ಬ್ರೇಕಿನ ಬಗ್ಗೆ ಹೇಳ್ರಿ ಯಾರರೆ.

ಉಣಕಲ್ ಇಳಕಲು (ಹುಬ್ಬಳ್ಳಿ)
ಮುಂದ 180 ಹಾಕ್ಸ್ರಿ, ಹಿಂದ 160 ಇರಲಿ. ಪ್ಯಾಡ್ ಮೆಟಲ್ ತಗೋರಿ, ರೆಸಿನ್ ಕಾದು ಕಪ್ಪಾಗ್ತಾವು.

ಪಾನಾ ಹತ್ತು (ಹಳೇ ಹುಬ್ಬಳ್ಳಿ)
180 ಒಪ್ಪಿದೆ. ಫೋರ್ಕಿನ ಕಾಲಿನ ಮ್ಯಾಲೆ ಅಥವಾ ಕಂಪನಿ ಪುಸ್ತಕದಾಗ ಗರಿಷ್ಠ ರೋಟರ್ ಎಷ್ಟಂತ ಬರದಿರ್ತಾರ, ಅದನ್ನ ನೋಡಿ 20 ಮಿ.ಮೀ.ದ ಅಡಾಪ್ಟರ್ ತಗೋರಿ. ಕ್ಯಾಲಿಪರ್ ಬೋಲ್ಟ್ 6ರಿಂದ 8 ನ್ಯೂಟನ್ ಮೀಟರ್.

ಮೆಟಲ್ ಪ್ಯಾಡಿನ ಮಾತಿಗೆ ಮಾತ್ರ ಕಣ್ಣು ಮುಚ್ಚಿ ಹೂಂ ಅನ್ನಬ್ಯಾಡ್ರಿ. ಅಗ್ಗದ ಶಿಮಾನೋ ರೋಟರ್ ಮ್ಯಾಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಕೊರದಿರ್ತೈತಿ. ಆ ಉಕ್ಕು ಮೆತ್ತಗ, ಮೆಟಲ್ ಪ್ಯಾಡ್ ಹಾಕಿದ್ರ ಅದನ್ನ ಕೆರೆದು ತಿಂತೈತಿ. ಮೊದಲು ರೋಟರ್ ಓದ್ರಿ. ಹೊಸಾದು 1.8 ಮಿ.ಮೀ. ದಪ್ಪ, 1.5ಕ್ಕ ಬಂದ್ರ ಬದಲಾಯಿಸಬೇಕು. ಪ್ಯಾಡಿನ ಮಸಾಲಿ ಅರ್ಧ ಮಿ.ಮೀ. ಉಳದ್ರ ಅದನ್ನೂ.

ಹೊಸ ಪ್ಯಾಡ್ ಹಾಕಿ ನೇರ ಗುಡ್ಡಕ್ಕ ಹೋಗಬ್ಯಾಡ್ರಿ. ಖಾಲಿ ರಸ್ತೆದಾಗ 20 ಕಿ.ಮೀ. ವೇಗದಿಂದ ನಡಿಗಿ ವೇಗಕ್ಕ ಇಪ್ಪತ್ತು ಸಲ ಇಳಸ್ರಿ, ಆಮ್ಯಾಲೆ 30ರಿಂದ ಹತ್ತು ಸಲ. ಗಾಲಿ ಪೂರಾ ಲಾಕ್ ಮಾಡಬಾರದು. ಪ್ಯಾಡಿನ ಪದರ ರೋಟರಿಗೆ ಒಂದೇ ಸಮ ಹತ್ತಿದ ಮ್ಯಾಲೆ ಹಿಡಿತ ಬರ್ತೈತಿ. ಇದನ್ನ ಬಿಟ್ಟವರ ಬ್ರೇಕು ಕೊಳ್ಳದಾಗ ಕಿರಚತಾವು.

ಚಿಗರಿ (ಶಿಗ್ಗಾವಿ)
ಬ್ರೇಕ್ ಮೆತ್ತಗಾಗಿದ್ರ ಎಣ್ಣಿ ಬದಲಿಸಿಕೊಳ್ರಿ. ಶಿಮಾನೋಗೆ ಮಿನರಲ್ ಆಯಿಲ್, ಶ್ರಾಮ್‌ಗೆ ಡಾಟ್ 5.1. ಅದಲು ಬದಲು ಆದ್ರ ಒಳಗಿನ ರಬ್ಬರ್ ಸೀಲ್ ಉಬ್ಬಿ ಲಿವರ್ ಹೊಳ್ಳಿ ಬರಂಗಿಲ್ಲ.

ಪಾನಾ ಹತ್ತು (ಹಳೇ ಹುಬ್ಬಳ್ಳಿ)
ಶ್ರಾಮ್‌ದಾಗ ಡಿಬಿ8 ಮತ್ತ ಮೇವನ್ ಎರಡಕ್ಕೂ ಮಿನರಲ್ ಬರ್ತೈತಿ ತಮ್ಮಾ. ಹೆಸರು ನೋಡಿ ಎಣ್ಣಿ ಹಾಕಬ್ಯಾಡ್ರಿ, ಲಿವರ್ ಮ್ಯಾಲೆ ಬರದದ್ದು ಓದಿ ಹಾಕ್ರಿ.

ಚಿಗರಿ (ಶಿಗ್ಗಾವಿ)
ಹೌದ್ರಿ, ಅದು ಬಿಟ್ಟಿದ್ದೆ. ಸರಿ.

ಏಲಕ್ಕಿ ಮಾಲಿ (ಹಾವೇರಿ)
ಸಾಮಾನಿನ ಜೋಡಿ ಇಳಿಯೋ ಪದ್ಧತಿನೂ ಬರೀರಿ. ಬ್ರೇಕ್ ಉದ್ದಕ್ಕೂ ಹಿಡಕೊಂಡು ಇಳದ್ರ 200 ರೋಟರನೂ ಕಾಯತೈತಿ. ನೇರ ಮತ್ತ ಗಟ್ಟಿ ನೆಲ ಸಿಕ್ಕಲ್ಲಿ ಜೋರ ಹಿಡೀರಿ, ಹರಳು ಮತ್ತ ತಿರುವಿನಾಗ ಬಿಡ್ರಿ. ಸೀಟು ಇಳಸ್ರಿ, ಪೆಡಲ್ ಎರಡೂ ಸಮ, ಹಿಮ್ಮಡ ಕೆಳಗ. ಹಳೇ ಮಂದಿ ಹೇಳಿದಂಗ ಪೂರಾ ಹಿಂದಕ್ಕ ಜರಗಬ್ಯಾಡ್ರಿ. ಮುಂದಿನ ಗಾಲಿ ಮ್ಯಾಲೆ ಭಾರ ಇಲ್ಲ ಅಂದ್ರ ಹರಳಿನ ಮ್ಯಾಲೆ ಮೊದಲ ಜಾರೋದ ಅದು. ಸೊಂಟ ಕೆಳಗ, ಎದಿ ಕೆಳಗ, ಭಾರ ಕಾಲಿನ ಮ್ಯಾಲೆ.

ಫೋರ್ಕಿನ ಸ್ಯಾಗ್ (ಸವಾರನ ಭಾರಕ್ಕ ಕುಸಿಯೋದು) 120ಕ್ಕ 24ರಿಂದ 30 ಮಿ.ಮೀ. ಇರಲಿ. ಪೂರಾ ಕಿಟ್, ನೀರಿನ ಚೀಲ ಹಾಕ್ಕೊಂಡ ನಿಂತು ಅಳೀರಿ, ಮೂರು ಲೀಟರ್ ನೀರಂದ್ರ ಮೂರು ಕೆ.ಜಿ. ಏರಿದಾಗ ಲಾಕ್ ಹಾಕಿದ್ದು ಇಳಿಯೂವಾಗ ಮರೀಬ್ಯಾಡ್ರಿ.

ಹೊಳಿ ದಂಡಿ (ಮುನವಳ್ಳಿ)
ಮೂರನೇ ಪ್ರಶ್ನಿಗೆ ಯಾರೂ ಉತ್ತರ ಕೊಟ್ಟಿಲ್ಲ, ಅದ ಎಲ್ಲಕ್ಕಿಂತ ದೊಡ್ಡದು. ಹೊಳಿ ಪಾತ್ರದಾಗ ಇಳೀಬ್ಯಾಡ್ರಿ. ಮ್ಯಾಲೆ ನಿಂತಿದ್ದು ರೇಣುಕಾ ಸಾಗರ, 37.73 ಟಿಎಂಸಿ ಹಿಡಿಯೋ ಆಣೆಕಟ್ಟು. ಗರಿಷ್ಠ ಮಟ್ಟ 2,079.50 ಅಡಿ. ಅದರ ಹತ್ರ ಹತ್ರ ತುಂಬಿದ್ರ ಒಳಹರಿವು ನೋಡಿ ಗೇಟ್ ತಗೀತಾರ. 2019ರ ಆಗಸ್ಟ್‌ದಾಗ ಕೆಳಗಿನ ಊರಿಗೆ ಹೊಳಿ ಬಂದದ್ದು ಎಲ್ಲಾರಿಗೂ ಗೊತ್ತೈತಿ.

ಮಳಿಗಾಲ ಮುಗೀತಲ್ಲ, ಇನ್ನೇನು ಅನ್ನಬ್ಯಾಡ್ರಿ. ಬ್ಯಾಸಗಿಯೊಳಗನೂ ಕುಡಿಯೋ ನೀರಿಗಂತ ಹೊಳಿಗೆ ಬಿಡತಾರ. ಕೊಳ್ಳ ಇಕ್ಕಟ್ಟು, ಎರಡೂ ಬಾಜೂ ಕಲ್ಲಿನ ಗ್ವಾಡಿ. ನೀರು ಏರಿದ್ರ ಸೈಕಲ್ ಬಿಟ್ಟು ಹತ್ತಲಿಕ್ಕೂ ಜಾಗ ಸಿಗಂಗಿಲ್ಲ. ಸೈರನ್ ಕೇಳಸತೈತಿ ಅಂತ ಭರವಸಿ ಇಡಬ್ಯಾಡ್ರಿ, ತಿರುವಿನ ಹಿಂದ ಗಾಳಿ ಆ ಕಡೆ ಇದ್ರ ಏನೂ ಕೇಳಂಗಿಲ್ಲ. ಹೊಂಡೂ ದಿವಸ ಬೆಳಿಗ್ಗೆ ಪೇಪರ್‌ದಾಗ ಆಣೆಕಟ್ಟಿನ ಮಟ್ಟ, ಹೊರಹರಿವು ನೋಡ್ರಿ.

ಮರಳಿನ ವಿಚಾರನೂ ಅಷ್ಟ. ಒಣ ಮರಳಿನಾಗ 2.25 ಟಾಯರು ಹತ್ತು ಮೀಟರ್ ಹೋಗಿ ಹೂಳತೈತಿ. ನೂಕಬೇಕು. ಆ ಸಣ್ಣ ಮರಳು ಹಬ್ಬಿನ ಸೀಲ್ ದಾಟಿ ಛರ್ರಾಕ್ಕ ಹೋದ್ರ ವಾರದಾಗ ಗರಗರ ಸಪ್ಪಳ.

ಉಣಕಲ್ ಇಳಕಲು (ಹುಬ್ಬಳ್ಳಿ)
ಆದ್ರ ಹಳ್ಳ ದಾಟೋದಂತೂ ತಪ್ಪಂಗಿಲ್ಲಲ್ಲ?

ಹೊಳಿ ದಂಡಿ (ಮುನವಳ್ಳಿ)
ದಾಟ್ರಿ, ಮೊಣಕಾಲ ಕೆಳಗ ಇದ್ರ. ತಳ ಕಾಣಲಾರದ ಕೆಂಪು ನೀರು ಹರಿಯಾಕ ಹತ್ತಿದ್ರ ಎಷ್ಟ ಸಣ್ಣ ಹಳ್ಳ ಇದ್ರೂ ನಿಲ್ರಿ. ನಡೆದು ದಾಟೂವಾಗ ಸೈಕಲ್ ನೀರು ಹರಿದು ಹೋಗೋ ಬಾಜೂ ಹಿಡೀರಿ. ಮ್ಯಾಲಿನ ಬಾಜೂ ಹಿಡದ್ರ ನೀರು ಅದನ್ನ ನಿಮ್ಮ ಕಾಲಿಗೆ ತಂದು ಬಡೀತೈತಿ.

ಎರಿ ಮಣ್ಣು (ನವಲಗುಂದ)
ಇದಕ್ಕ ಜೋಡಿಸಿ ಹೇಳ್ತೀನಿ. ಬೆಣ್ಣಿಹಳ್ಳ ನೋಡ್ರಿ. ಶಿಗ್ಗಾವಿ ಕಡೆ ಮಳಿ ಆದ್ರ ನಮ್ಮ ಕಡೆ ಆಕಾಶ ಸ್ವಚ್ಛ ಇದ್ರೂ ಹಳ್ಳ ತುಂಬಿ ಬರತೈತಿ. ಎರಿ ಒಮ್ಮೆ ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿತಂದ್ರ ಮುಂದಿನ ಮಳಿ ಎಲ್ಲಾ ಹರಿದು ಹಳ್ಳಕ್ಕ. ತಲಿ ಮ್ಯಾಲಿನ ಮೋಡ ನೋಡಿ ಹಳ್ಳದ ಲೆಕ್ಕ ಹಾಕಬ್ಯಾಡ್ರಿ.

ಕೆಲಗೇರಿ ಗಾಲಿ (ಧಾರವಾಡ)
ಹೊಳಿ ಪಾತ್ರ ಬಿಟ್ಟೆ. ಕಾಲುವಿ ದಂಡಿ ದಾರಿ ಹೆಂಗ್ರಿ?

ಹೊಳಿ ದಂಡಿ (ಮುನವಳ್ಳಿ)
ಗರಸು ಹಾಕಿದ ದಾರಿ ಇದ್ದಲ್ಲಿ ಛಲೋ. ಅಂಚಿನಿಂದ ಎರಡು ಮೀಟರ್ ದೂರ ಇರ್ರಿ, ನೀರು ಒಳಗಿಂದ ಮಣ್ಣು ತಿಂದಿರ್ತೈತಿ, ಮ್ಯಾಲೆ ಗೊತ್ತಾಗಂಗಿಲ್ಲ. ಕಾಲುವಿಗೆ ಬಿದ್ರ ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿ ಹತ್ತಲಿಕ್ಕೆ ಬರಂಗಿಲ್ಲ. ಆಣೆಕಟ್ಟಿನ ಆವರಣದಾಗ ಅಪ್ಪಣಿ ಇಲ್ಲದ ಹೋಗಬ್ಯಾಡ್ರಿ, ಡ್ರೋನ್ ಅಂತೂ ಹಾರಸಲೇಬ್ಯಾಡ್ರಿ. ಗೇಟಿನ್ಯಾಗ ಕೇಳಿ, ಬಿಡಲಿಲ್ಲಂದ್ರ ಸುತ್ತು ಹಾಕಿ ಹೋಗ್ರಿ.

ಹೊಲದ ಬದುವಿನ ಮ್ಯಾಲೆ ಗಾಲಿ ಹತ್ತಸಬ್ಯಾಡ್ರಿ. ನವೆಂಬರ್‌ದಾಗ ಕಡಲಿ, ಬಿಳಿಜೋಳ, ಗೋದಿ ಈಗಷ್ಟ ಎದ್ದಿರ್ತಾವು. ನಾಕು ಸೈಕಲ್ ಒಂದು ಬದು ಒಡದ್ರ ಮುಂದಿನ ಮಳಿಗೆ ಆ ಹೊಲದ ಮಣ್ಣು ಅಲ್ಲೇ ಕೊಚ್ಚಿ ಹೋಗತೈತಿ. ರೈತರು ಎದುರಾದ್ರ ಇಳಿದು ‘ಕಾಕಾ, ಈ ದಾರಿ ಹಿಂಗ ಹೋದ್ರ ಹಾಯತೈತೇನ್ರಿ’ ಅಂತ ಕೇಳ್ರಿ. ಮ್ಯಾಪಿನಾಗ ಇಲ್ಲದ ದಾರಿ ಅವರ ಹೇಳ್ತಾರ.

ಬಳ್ಳಾರಿ ಜಾಲಿ (ಗದಗ)
ಕುರಿ ಹಿಂಡು ಕಂಡ್ರ ವೇಗ ಹೆಚ್ಚ ಮಾಡಿ ಪಾರಾಗ್ತೀನಿ ಅನ್ನಬ್ಯಾಡ್ರಿ. ನಾಯಿ ಓಡೋದರ ಬೆನ್ನ ಹತ್ತತೈತಿ. ಇಳಿದು ಸೈಕಲ್ ನಡುವ ಹಿಡಿದು ನಿಲ್ರಿ, ಕುರುಬರು ಕರದ ಮ್ಯಾಲೆ ಮುಂದ ಹೋಗ್ರಿ.

ಕಲ್ಲಿನ ಗುರುತು (ಗದಗ)
ಹೆಜ್ಜೇನಿನ ಬಗ್ಗೆ ಯಾರೂ ಎತ್ತಲಿಲ್ಲ. ಕೊಳ್ಳದ ಗೋಡೆಯ ಚಾಚಿದ ಕಲ್ಲಿನ ಕೆಳಗೆ ಹುಟ್ಟು ಕಟ್ಟುತ್ತವೆ. ದೂರದಿಂದ ಕಪ್ಪು ಅರ್ಧಚಂದ್ರ ತೂಗುಬಿಟ್ಟಂತೆ ಕಾಣುತ್ತದೆ. ಅದರ ಕೆಳಗೆ ಕೂಗಾಟ, ಬೀಡಿ ಹೊಗೆ, ಕಲ್ಲು ಉರುಳಿಸುವುದು, ಗಾಢ ಸೆಂಟು ಇವು ಯಾವುದೂ ಬೇಡ. ಎದ್ದರೆ ಸೈಕಲ್ ಬಿಟ್ಟು ಮುಖ, ಕುತ್ತಿಗೆ ಬಟ್ಟೆಯಿಂದ ಮುಚ್ಚಿಕೊಂಡು ಓಡಿ. ಕೈ ಬೀಸಬೇಡಿ. ನೀರಿಗೆ ಮುಳುಗಬೇಡಿ, ತಲೆ ಮೇಲೆತ್ತುವವರೆಗೆ ಕಾದಿರುತ್ತವೆ. ಕೊಂಡಿಯನ್ನು ಎಷ್ಟು ಬೇಗ ಉಗುರಿನಿಂದ ಕೆರೆದು ತೆಗೆಯುತ್ತೀರೋ ಅಷ್ಟು ವಿಷ ಕಡಿಮೆ. ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ಕೊಳ್ಳದೊಳಗೆ ಸಿಗ್ನಲ್ ಹೋಗುತ್ತದೆ, ಹಾಗಾಗಿ ಒಬ್ಬರು ದಿಬ್ಬಕ್ಕೆ ಹತ್ತಬೇಕಾಗುತ್ತದೆ. ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ.

ಚಿಗರಿ (ಶಿಗ್ಗಾವಿ)
ಇಷ್ಟೆಲ್ಲಾ ತ್ರಾಸ್ ಯಾಕ್ರಿ, ಕಪ್ಪತಗುಡ್ಡಕ್ಕ ಹೋಗಬಹುದಲ್ಲ? ಗದಗದಿಂದ ಹತ್ರ, ಗುಡ್ಡ ದೊಡ್ಡದು.

ಬಳ್ಳಾರಿ ಜಾಲಿ (ಗದಗ)
ಕಪ್ಪತಗುಡ್ಡ 2019ರಾಗ ವನ್ಯಜೀವಿಧಾಮ ಆಗೈತಿ, 244 ಚದರ ಕಿ.ಮೀ. ಅರಣ್ಯ ಇಲಾಖೆ ಅಪ್ಪಣಿ ಇಲ್ಲದ ಒಳಗ ಗಾಲಿ ಇಡೋ ಹಂಗಿಲ್ಲ. ಔಷಧಿ ಗಿಡದ ಗುಡ್ಡ ಅದು. ಹೊಸಾ ದಾರಿ ಕಡಿಯೋ ವಿಚಾರ ತಲಿಯೊಳಗ ತರಬ್ಯಾಡ್ರಿ.

ಉಣಕಲ್ ಇಳಕಲು (ಹುಬ್ಬಳ್ಳಿ)
ಗೋಕಾಕ ಹೆಂಗ? ಘಟಪ್ರಭಾ ಕೊಳ್ಳ ಇದಕ್ಕಿಂತ ದೊಡ್ಡದು, 52 ಮೀಟರ್ ಫಾಲ್ಸ್.

ಕಲ್ಲಿನ ಗುರುತು (ಗದಗ)
ನೋಡಲು ಸೊಗಸು, ತುಳಿಯಲು ಅಲ್ಲ. ಬಂಡೆ ಸಮತಟ್ಟಾಗಿ ಬಂದು ಒಮ್ಮೆಲೇ ಕಡಿದಂತೆ ಮುಗಿಯುತ್ತದೆ, ಜನಸಂದಣಿ ಬೇರೆ. ಅಂಚಿನಲ್ಲಿ ಬ್ರೇಕಿಗೆ ಜಾಗವಿಲ್ಲ.

ಏಲಕ್ಕಿ ಮಾಲಿ (ಹಾವೇರಿ)
ಎರಡನೇ ದಿವಸ ಯಲ್ಲಮ್ಮನ ಗುಡ್ಡ ಅಂದ್ರಿ. ಕ್ಯಾಲೆಂಡರ್ ನೋಡಿದ್ರೇನು? ಹುಣ್ಣಿವಿ, ಮಂಗಳವಾರ, ಶುಕ್ರವಾರ ಬಿಟ್ಟು ಇಟ್ಕೊಳ್ರಿ. ಬನದ ಹುಣ್ಣಿವಿ, ಭಾರತ ಹುಣ್ಣಿವಿಗಂತೂ ಚಕ್ಕಡಿ, ಟ್ರ್ಯಾಕ್ಟರ್, ಟೆಂಪೋ ದಾರಿ ತುಂಬ ಇರ್ತಾವು. ನಡಕೊಂಡು ಬರೋ ಭಕ್ತರ ನಡುವ ಇಳಕಲಿನಾಗ ಸೈಕಲ್ ಬಿಡೋದು ಸರಿ ಅಲ್ಲ. ಗುಡಿ ಸುತ್ತಲಿನ ಮೆಟ್ಟಿಲ, ಕಟ್ಟಿ ಮ್ಯಾಲೆ ಗಾಲಿ ಹತ್ತಸೋದೂ ಬ್ಯಾಡ.

ನೀರು ತಲಾ ಮೂರು ಲೀಟರ್ ಒಯ್ರಿ. ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕ. ಬೆಳಿಗ್ಗೆ ಆರಕ್ಕ ಪೆಡಲ್ ತುಳೀರಿ, ಹನ್ನೊಂದರೊಳಗ ಕೊಳ್ಳದಿಂದ ಹೊರಗ ಬರ್ರಿ, ಮಧ್ಯಾಹ್ನ ಆ ಕಲ್ಲಿನ ಗ್ವಾಡಿ ಹಂಚಿನಂಗ ಕಾಯತೈತಿ. ತಿನ್ನಾಕ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ಚಾಕಲೇಟ್ ಕರಗತೈತಿ.

ಚಿಗರಿ (ಶಿಗ್ಗಾವಿ)
ಓಆರ್‌ಎಸ್ ಪಾಕೀಟ ಬಾಟ್ಲಿಗೆ ಒಂದು ಹಾಕ್ಕೊಳ್ರಿ.

ಏಲಕ್ಕಿ ಮಾಲಿ (ಹಾವೇರಿ)
ಹಂಗ ಹೇಳಬ್ಯಾಡ ತಮ್ಮಾ. ದೊಡ್ಡ ಪಾಕೀಟ ಪೂರಾ ಒಂದು ಲೀಟರ್‌ಗೆ. ಸೈಕಲ್ ಬಾಟ್ಲಿ ಸಾಮಾನ್ಯ 600, 750 ಮಿ.ಲೀ. ಇರ್ತೈತಿ. ದಪ್ಪ ಆದ್ರ ವಾಂತಿ ಬರ್ತೈತಿ, ನೀರಡಿಕಿ ಹೆಚ್ಚತೈತಿ. ಮನ್ಯಾಗ ಲೀಟರ್ ಅಳದು ಕಲಿಸಿ ತುಂಬಿಕೊಂಡು ಹೋಗ್ರಿ, ಮತ್ತ ಅವತ್ತ ಕುಡದು ಮುಗಸ್ರಿ.

ಉಣಕಲ್ ಇಳಕಲು (ಹುಬ್ಬಳ್ಳಿ)
ಗೇರಿನ ಬಗ್ಗೆ: 32ಕ್ಕ 46 ಸಾಕು. ಗರಸಿನ ಏರಿನ್ಯಾಗ ನಿಂತು ತುಳದ್ರ ಹಿಂದಿನ ಗಾಲಿ ತಿರುಗಿ ಜಾರ್ತದ. ಸೀಟಿನ ಮೂತಿ ಮ್ಯಾಲೆ ಕೂತು, ಎದಿ ಬಗ್ಗಿಸಿ, ಒಂದೇ ಸಮ ತುಳೀರಿ. ಹಾರ್ಡ್‌ಟೇಲ್ ವಿಷಯದಾಗ ಪಾನಾ ಅಣ್ಣಾರ ಮಾತು ಒಪ್ಪಿದೆ, ಟಾಯರು ಹಿಂದ ಮಾತ್ರ 2.35 ಆದ್ರ ಇನ್ನೂ ಛಲೋ, ಫ್ರೇಮಿನಾಗ ಜಾಗ ಇದ್ರ.

ಎರಿ ಮಣ್ಣು (ನವಲಗುಂದ)
ಜಾಗ ಅಳದು ಹಾಕ್ರಿ. ಟಾಯರಿಗೂ ಚೈನ್‌ಸ್ಟೇಗೂ ನಡುವ ಎರಡೂ ಬಾಜೂ 6 ಮಿ.ಮೀ.ರೆ ಇರಬೇಕು. ಇಲ್ಲಂದ್ರ ಎರಿ ಸಿಕ್ಕ ಮೊದಲನೇ ತಿರುವಿಗೆ ಜಾಮ್.

ಕೆಲಗೇರಿ ಗಾಲಿ (ಧಾರವಾಡ)
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹೊಸಾ ಲೆಕ್ಕ ಹಿಂಗದ: ನವೆಂಬರ್ ಕಡೀ ವಾರ, ಬುಧವಾರ ಮತ್ತ ಗುರುವಾರ. ಮೊದಲ ದಿವಸ ಗುಡ್ಡದ ಮ್ಯಾಲಿನ ಗರಸು ದಾರಿ, ಹೊಳಿ ಪಾತ್ರ ಇಲ್ಲ, ಹಿಂದಿನ ಐದು ದಿವಸದಾಗ ಮಳಿ ಆಗಿದ್ರ ಮುನವಳ್ಳಿ ಕಡೆ ಇಳಿಯೋದೂ ಇಲ್ಲ. ನಾಲ್ಕೂ ಗಾಲಿ ಟ್ಯೂಬ್‌ಲೆಸ್, 110 ಮಿ.ಲೀ., ಮುಂದ 22, ಹಿಂದ 27. ಮುಂದ 180 ರೋಟರ್, ರೆಸಿನ್ ಪ್ಯಾಡೇ. ಕಿಟ್‌ನಾಗ ಎರಡು ಟ್ಯೂಬು, ಪ್ಲಗ್ ಹತ್ತು, ಚಿಮಟಾ, ಟೂತ್‌ಪೇಸ್ಟ್ ತುಂಡು, ಚೈನ್ ಕಟರ್, ಹತ್ತು ಸ್ಪೀಡಿನ ಕ್ವಿಕ್ ಲಿಂಕ್, ಹ್ಯಾಂಗರ್ ಒಂದು. ಏನರೆ ಬಿಟ್ಟೇನೇನು?

ಪಾನಾ ಹತ್ತು (ಹಳೇ ಹುಬ್ಬಳ್ಳಿ)
ಹ್ಯಾಂಗರ್ ಒಂದು ಸಾಲಂಗಿಲ್ರಿ. ನಾಲ್ಕೂ ಸೈಕಲ್ ಬ್ಯಾರೆ ಕಂಪನೀದು ಇದ್ರ ನಾಲ್ಕೂ ಹ್ಯಾಂಗರ್ ಬ್ಯಾರೆ, ಒಂದರದು ಇನ್ನೊಂದಕ್ಕ ಕೂಡಂಗಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮದು ತರ್ಲಿ. ಮತ್ತ ವಾಲ್ವ್ ಕೋರ್ ಬಿಚ್ಚೋ ಕೀ ಬರದಿಲ್ಲ.

ಕೆಲಗೇರಿ ಗಾಲಿ (ಧಾರವಾಡ)
ನಾಲ್ಕೂ ಬ್ಯಾರೆ ಕಂಪನೀವ ಅವರಿ. ಇವತ್ತ ಎಲ್ಲಾರಿಗೂ ಹೇಳಿ ತರಸ್ತೀನಿ, ಕೀ ನಾ ಇಟ್ಕೋತೀನಿ.

ಹೊಳಿ ದಂಡಿ (ಮುನವಳ್ಳಿ)
ಹೊಂಡೂ ಹಿಂದಿನ ದಿವಸ ಇಲ್ಲೇ ಒಂದು ಸಾಲು ಹಾಕ್ರಿ. ಕೆಳಗಿನ ದಾರಿ ಹಸಿ ಐತೋ ಒಣಗೈತೋ ನೋಡಿ ಬರೀತೀನಿ.